ಇಲ್ಲ ಅಂದವನೇ ಕೋಚ್

"ಅಣ್ಣಾ, ನೀವು ಮನುಷ್ಯರಾ? ಉಂಡ ಮನೆ ಗಳ ಎಣಿಸೋದು ಅಂದ್ರೆ ಇದೇ ಅಲ್ವಾ?"

"ಯಾವನೋ ಉಂಡೋನು? ನಿನ್ನ ಡಬ್ಬಿಲಿ ಎರಡು ಸಮೋಸ ತಿಂದಿದ್ದಕ್ಕೆ ಗಳ ಎಣಿಸ್ದಂಗಾ?"

"ಮೆಲ್ಲಗೆ ಮಾತಾಡಿ. ಹುಡುಗ್ರು ಇಲ್ಲೇ ಇದಾರೆ."

"ಇರ್ಲಿ ಬಿಡು! ಅವರಿಗೇನು ಕನ್ನಡ ಬರುತ್ತಾ?"

"ಕನ್ನಡ ಬರಲ್ಲ. ಜೋರು ಬರುತ್ತೆ. ಅದು ಎಲ್ಲಾ ದೇಶದವರಿಗೂ ಅರ್ಥ ಆಗುತ್ತೆ. ನನ್ನ ಕೆಲಸ ಕಿತ್ಕೊಂಡ್ರಲ್ಲಾ, ಅಣ್ಣಾ!"

"ಕಿತ್ಕೊಳ್ಳೋಕೆ ಅದೇನು ಬಸ್ಸಿನ ಸೀಟಾ? ಕಿಟಕಿಯಿಂದ ಟವೆಲ್ ಹಾಕಿ ಹಿಡ್ಕಂಡ್ನಾ ನಾನು?"

ಇಷ್ಟು ಜಗಳ ನಡೆದದ್ದು ಕಾಲೇಜಿನ ಹಿಂದೆ ನಿಂತಿದ್ದ ಮಿನಿಬಸ್ಸಿನೊಳಗೆ. ಡ್ರೈವರ್ ಸೀಟಿನಲ್ಲಿ ನಾನು, ಪಕ್ಕದಲ್ಲಿ ದಾವೂದ್. ಕೂಗಾಟವೆಲ್ಲ ನನ್ನದು. ದಾವೂದ್ ಬೈದದ್ದು ಪೂರ್ತಿ ಪಿಸುಮಾತಿನಲ್ಲಿ. ಕೋಪದಿಂದ ಅವನ ಕಿವಿ ಟೊಮೆಟೊ ಹಣ್ಣಿನಂತೆ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು, ಆದರೆ ಬಾಯಿಂದ ಬರುತ್ತಿದ್ದ ಸದ್ದು ಮಗು ಮಲಗಿಸುವ ತಾಯಿಯದು. ಹೊರಗೆ ಬೂಟು ಬಿಚ್ಚುತ್ತಿದ್ದ ಆಟಗಾರರೊಬ್ಬರು ನಮ್ಮ ಕಡೆ ಕೈ ಬೀಸಿದರೆ, ಬೈಗುಳದ ನಡುವೆಯೇ ನಿಲ್ಲಿಸಿ ನಕ್ಕು ಕೈ ಬೀಸಿದ. ಆಮೇಲೆ ಮತ್ತೆ ಬಿಟ್ಟ ಜಾಗದಿಂದ ಬೈಯಲು ಶುರು ಮಾಡಿದ. ಇದನ್ನು ನೋಡಿ ನನ್ನ ಮೈ ಇನ್ನಷ್ಟು ಉರಿಯಿತು.

ಆದದ್ದು ಇಷ್ಟೆ. ಸ್ವಲ್ಪ ಹೊತ್ತಿನ ಹಿಂದೆ ನಮ್ಮ ತಂಡದ ಕ್ಯಾಪ್ಟನ್, ಗೋಲ್‌ಕೀಪರ್ ಎಲಿಯಾಸ್, ಕ್ಲಬ್ಬಿನ ಅಧ್ಯಕ್ಷೆ ಗುನಿಲ್ಲಾ ಅವರ ಮುಂದೆ ನಿಂತು ಹೇಳಿದ್ದ: "ನಾವು ಹುಡುಗರೆಲ್ಲ ಮಾತಾಡಿಕೊಂಡಿದ್ದೇವೆ. ಹೊಸ ಹೆಡ್ ಕೋಚ್ ಆಗಿ ನಮಗೆ ಬಸ್ಸಿನ ಅಶ್ವತ್ಥ ಬೇಕು."

ಬಸ್ಸಿನ ಅಶ್ವತ್ಥ ಅಂದರೆ ನಾನು. ನನಗೆ ಫುಟ್‌ಬಾಲ್ ಗೊತ್ತಿಲ್ಲ. ಚೆಂಡು ಗುಂಡಗಿದೆ, ಅದನ್ನು ಒದೆಯುತ್ತಾರೆ, ಅಷ್ಟು ಗೊತ್ತು.

ನಾನು ಚನ್ನರಾಯಪಟ್ಟಣದ ಕಡೆಯವನು. ಹಳ್ಳಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹಾಸನ–ಬೆಂಗಳೂರು ಖಾಸಗಿ ಬಸ್ಸಿಗೆ ಕಂಡಕ್ಟರಾದೆ, ಆಮೇಲೆ ಡ್ರೈವರಾದೆ. ನನ್ನ ಹೆಂಡತಿ ನೀರಜಾ ಸೋದರಮಾವನ ಮಗಳು. ಓದಿನಲ್ಲಿ ಅವಳು ಎಕ್ಸ್‌ಪ್ರೆಸ್ ಬಸ್ಸು, ನಾನು ಎಲ್ಲಾ ಸ್ಟಾಪಿನಲ್ಲೂ ನಿಲ್ಲುವ ಶಟಲ್ಲು. ಅವಳಿಗೆ ಸ್ವೀಡನ್ನಿನ ಈ ಸಣ್ಣ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು, ನಾನು ಹಿಂದೆ ಬಂದೆ. ಶೋವ್ಡೆ ಅನ್ನುವ ಪಟ್ಟಣದಿಂದ ಅರ್ಧ ಗಂಟೆ ದೂರ. ಒಂದು ಕೆರೆ, ಒಂದು ಚರ್ಚು, ಒಂದು ಕಾಲೇಜು, ಮಿಕ್ಕದ್ದೆಲ್ಲ ಬರ್ಚ್ ಮರ. ದಾವೂದ್ ಶೋವ್ಡೆಯ ಕಾರಿನ ಇಂಜಿನ್ ಕಾರ್ಖಾನೆಯಲ್ಲಿ ಇಂಜಿನಿಯರ್, ಬೆಂಗಳೂರಿನ ಮರ್ಫಿ ಟೌನಿನವನು. ಊರಿಗೆಲ್ಲ ಕನ್ನಡ ಮಾತಾಡುವ ಮನೆ ಎರಡೇ ಆದ್ದರಿಂದ, ನನ್ನ ಸಿಟ್ಟು ಅವನು ಸಹಿಸಬೇಕು, ಅವನ ಸಭ್ಯತೆ ನಾನು ಸಹಿಸಬೇಕು. ಕಾಲೇಜಿನ ತಂಡಕ್ಕೆ ಮಿನಿಬಸ್ ಓಡಿಸುವವರು ಬೇಕು ಅಂತ ನನ್ನನ್ನು ಎಳೆದು ತಂದವನೂ ಅವನೇ.

ದಾವೂದ್ ಮಾತ್ರ ನಿಜವಾದ ಆಟಗಾರ. ಮರ್ಫಿ ಟೌನಿನಲ್ಲಿ ಹುಡುಗರು ನಡೆಯೋದಕ್ಕೆ ಮುಂಚೆ ಒದೆಯೋದು ಕಲಿಯುತ್ತಾರೆ ಅನ್ನುತ್ತಾನೆ. ಬೆಂಗಳೂರಿನ ಒಂದು ಫ್ಯಾಕ್ಟರಿ ತಂಡಕ್ಕೆ ಆಡಿ, ಮಂಡಿ ಮುರಿದುಕೊಂಡು, ಇಂಜಿನಿಯರಿಂಗಿಗೆ ಬಂದವನು. ಇಲ್ಲಿಗೆ ಬಂದ ಮೇಲೆ ಕೋಚಿಂಗಿನ ಪರೀಕ್ಷೆಗಳನ್ನೆಲ್ಲ ಸ್ವೀಡಿಷ್ ಭಾಷೆಯಲ್ಲೇ ಪಾಸು ಮಾಡಿದ್ದಾನೆ. ಆದರೂ ವರ್ಷಗಟ್ಟಲೆ ಸಹಾಯಕ ಕೋಚ್.

ಆ ಸಹಾಯಕನ ಜಾಕೆಟ್ಟಿನ ಕಥೆ ಹೇಳಲೇಬೇಕು. ಇಲ್ಲಿ ಕ್ಲಬ್ಬಿನವರು ಜಾಕೆಟ್ಟಿನ ಬೆನ್ನ ಮೇಲೆ ಅವರವರ ಹುದ್ದೆ ಅಚ್ಚು ಹಾಕಿಸುತ್ತಾರೆ. ಅಸಿಸ್ಟೆಂಟ್ ಅನ್ನುವುದನ್ನು ಇವರು ಚಿಕ್ಕದು ಮಾಡಿ ಎ, ಎಸ್, ಎಸ್ ಅಂತ ಬರೆದು ಒಂದು ಚುಕ್ಕೆ ಇಡುತ್ತಾರೆ, ಅದರ ಮುಂದೆ ಕೋಚ್ ಅನ್ನುವ ಸ್ವೀಡಿಷ್ ಪದ. ವಾಷಿಂಗ್ ಮೆಷಿನ್ನಿನಲ್ಲಿ ಒಗೆದೂ ಒಗೆದೂ ದಾವೂದನ ಜಾಕೆಟ್ಟಿನಿಂದ ಚುಕ್ಕೆಯೂ ಹೋಯಿತು, ಕೋಚೂ ಹೋಯಿತು. ಉಳಿದದ್ದು ಅಂಗೈ ಅಗಲದ ಮೂರು ಬಿಳಿ ಅಕ್ಷರ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರು ಐದನೇ ಕ್ಲಾಸಿನಲ್ಲಿ ಕೂಗಿಸುತ್ತಿದ್ದರು: ಎ ಎಸ್ ಎಸ್ ಆಸ್, ಆಸ್ ಅಂದರೆ ಕತ್ತೆ. ಅದನ್ನು ಹಾಕಿಕೊಂಡು ಇವನು ಮೈದಾನದ ಅಂಚಿನಲ್ಲಿ ಓಡಾಡುತ್ತಿದ್ದ. ಉಳಿದ ಅಕ್ಷರವನ್ನೂ ಕಿತ್ತುಬಿಡುತ್ತೇನೆ ಅಂತ ಅವನ ಹೆಂಡತಿ ಫೆಹ್ಮಿದಾ ಕತ್ತರಿ ಹಿಡಿದು ಬಂದರೆ, "ಬೇಡ, ಅದು ಕ್ಲಬ್ಬಿನ ಆಸ್ತಿ" ಅಂದನಂತೆ.

"ಹೆಡ್ ಕೋಚ್ ಆದ ದಿನ ಇದನ್ನ ಬಿಚ್ಚಿ ಹಾಕ್ತೀನಿ ಅಣ್ಣಾ. ಅಲ್ಲಿತನಕ ಹಾಕ್ಕೋತೀನಿ," ಅಂತ ನನ್ನ ಮುಂದೆ ಒಂದು ಸಲ ಹೇಳಿದ್ದ. ಹೇಳುವಾಗ ನಗುತ್ತಿದ್ದ. ಕಣ್ಣು ನಗುತ್ತಿರಲಿಲ್ಲ.

ಈ ವಸಂತದಲ್ಲಿ ಆ ದಿನ ಹತ್ತಿರ ಬಂದಂತೆ ಕಂಡಿತು. ನಮ್ಮ ತಂಡ ಆಡುವುದು ಕಟ್ಟಕಡೆಯ ಡಿವಿಜನ್ನಿನಲ್ಲಿ. ಅದರ ಕೆಳಗೆ ಬೀಳಲು ಡಿವಿಜನ್ನೇ ಇಲ್ಲ, ಅದೊಂದೇ ನಮ್ಮ ಮರ್ಯಾದೆ ಕಾದಿತ್ತು. ಸೀಸನ್ನಿನ ಮೊದಲ ಪಂದ್ಯದಿಂದಲೇ ಸೋಲು, ಒಂದೂ ಗೋಲಿಲ್ಲ. ಹಳೆಯ ಹೆಡ್ ಕೋಚ್ ಒಂದು ದಿನ ತನ್ನ ಬೇಸಿಗೆ ಮನೆಯ ಚಾವಣಿಗೆ ಬಣ್ಣ ಹೊಡೆಯಬೇಕು ಅಂತ ಹೇಳಿ ಹೋದವನು ಇನ್ನೂ ಬಣ್ಣ ಹೊಡೆಯುತ್ತಲೇ ಇದ್ದಾನೆ. ಹೊಸಬರನ್ನು ಆರಿಸಲು ಗುನಿಲ್ಲಾ ಒಂದು ಸಮಿತಿ ಮಾಡಿದರು. ಹಾಲಿನಂಥ ಹೆಂಗಸು, ನಿವೃತ್ತಿಯ ಹತ್ತಿರ ಇರುವ ವ್ಯಾಯಾಮದ ಟೀಚರ್. ಯಾರು ಏನು ಹೇಳಿದರೂ "ಸ್ಪೆನ್ನಾಂದೆ" ಅನ್ನುತ್ತಾರೆ. ಅಂದರೆ ಕುತೂಹಲಕರವಾಗಿದೆ ಅಂತ. ಮಳೆ ಬಂದರೂ ಸ್ಪೆನ್ನಾಂದೆ, ಒಂಬತ್ತು ಗೋಲಿನಿಂದ ಸೋತರೂ ಸ್ಪೆನ್ನಾಂದೆ. ಮತ ಹಾಕಿಸುವುದು ಈ ದೇಶದಲ್ಲಿ ಜಗಳವಾಡಿದಷ್ಟೇ ಕೆಟ್ಟದ್ದು. ಎಲ್ಲರೂ ಕೂತು, ಕಾಫಿ ಕುಡಿದು, ಕುಡಿದು, ಒಂದೇ ಮಾತಿಗೆ ಬರಬೇಕು. ಯಾರೂ ಬೇಡ ಅನ್ನದಿದ್ದರೆ ಆಯಿತು.

ದಾವೂದ್ ಅರ್ಜಿ ಹಾಕಿದ್ದ. ಅವನಲ್ಲದೆ ಇನ್ಯಾರು ಅಂತ ನಾನೂ ಅಂದುಕೊಂಡಿದ್ದೆ. ಹಾಗಿರುವಾಗ ಫಾಲ್‌ಶೋಪಿಂಗ್ ಕಡೆಯ ಒಂದು ಹಳ್ಳಿ ತಂಡದ ಮೇಲೆ ಪಂದ್ಯ ಬಂತು, ನನ್ನ ಗ್ರಹಚಾರವೂ ಬಂತು.

ಅವತ್ತು ನಮ್ಮ ಚನ್ನರಾಯಪಟ್ಟಣದ ಮನೆಯಲ್ಲಿ ನನ್ನ ತಮ್ಮ ನಂದಕುಮಾರ ತಾರಸಿಗೆ ಹೊಸ ಸಿಂಟೆಕ್ಸ್ ಟ್ಯಾಂಕ್ ಏರಿಸುತ್ತಿದ್ದ. ಅವನಿಗೆ ಬುದ್ಧಿ ಕಮ್ಮಿ, ಅವಸರ ಜಾಸ್ತಿ. ಹಗ್ಗ ಕಟ್ಟಿ ಮೇಲೆಳೆಯಲು ನಾಲ್ಕು ಜನರನ್ನು ಕರೆದು, ನನಗೆ ವಿಡಿಯೋ ಕಾಲ್ ಮಾಡಿ, "ಅಣ್ಣಯ್ಯ, ನೋಡ್ಕ" ಅಂದ. ನಾನು ಮೈದಾನದ ಗೆರೆಯ ಪಕ್ಕ ನಿಂತಿದ್ದೆ. ಟ್ಯಾಂಕು ಸಜ್ಜೆಗೆ ತಗುಲಿ ವಾಲಿತು. ನನ್ನ ಜೀವ ಬಾಯಿಗೆ ಬಂತು.

"ಇಲ್ಲ! ಇಲ್ಲ! ಇಲ್ಲಾ ಅಂತಿಲ್ವೇನ್ರೋ! ಹೋಲ್ಡಾನ್!" ಅಂತ ಕೂಗಿದೆ. ಕಂಡಕ್ಟರ್ ಗಂಟಲು, ಹಾಸನ ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿದ್ದದ್ದು. "ಈ ಕಡೆ ಬರ್ರಾ! ಬರ್ರಾ, ಬರ್ರಾ! ಹಾಂ, ರೈಟ್! ರೈಟ್ ರೈಟ್ ರೈಟ್!"

ಬಸ್ಸಿನಲ್ಲಿ ರೈಟ್ ಅಂದರೆ ಹೊರಡು ಅಂತ. ಹಗ್ಗ ಹಿಡಿದ ನಾಲ್ವರಿಗೂ ಅದು ಗೊತ್ತಿತ್ತು. ಟ್ಯಾಂಕು ಸಲೀಸಾಗಿ ಮೇಲೆ ಹೋಯಿತು. ಅಷ್ಟರಲ್ಲಿ ನನ್ನ ಸುತ್ತ ಭಾರೀ ಕೇಕೆ. ಫೋನಿನಿಂದ ತಲೆಯೆತ್ತಿ ನೋಡಿದರೆ ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಿದ್ದಾರೆ. ನನ್ನ ರೈಟ್ ಕೇಳಿ ತಂಡಕ್ಕೆ ತಂಡವೇ ಬಲಗಡೆಗೆ ನುಗ್ಗಿತ್ತಂತೆ. ಎದುರಾಳಿಗಳು ಇದೇನು ಹುಚ್ಚು ಅಂತ ನೋಡುತ್ತ ನಿಂತಾಗ ಚೆಂಡು ಒಳಗೆ ಹೋಗಿತ್ತು. ಈ ವರ್ಷದ ಮೊದಲ ಗೋಲು. ಪಂದ್ಯ ಐದು–ಒಂದರಲ್ಲಿ ಸೋತೆವು, ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಾಡು.

ಹಾಡದೆ ಕೂತವನು ದಾವೂದ್ ಒಬ್ಬನೇ. ಆಮೇಲೆ ಎಲಿಯಾಸ್ ಗುನಿಲ್ಲಾ ಮುಂದೆ ಆ ಮಾತಾಡಿದ. ಆಮೇಲೆ ಬಸ್ಸಿನೊಳಗೆ ನಮ್ಮ ಜಗಳ.

ಮನೆಗೆ ಬಂದು ನೀರಜಾಗೆ ಹೇಳಿದೆ. "ಈ ಹುಡುಗರಿಗೆ ತಲೆ ಕೆಟ್ಟಿದೆ ಕಣೇ. ನಾನು ನಂದನ ಟ್ಯಾಂಕಿಗೆ ಇಲ್ಲ ಇಲ್ಲ, ಬರ್ರಾ ಬರ್ರಾ ಅಂದ್ರೆ ಇವ್ರು ನನ್ನ ಕೋಚ್ ಆಗು ಅಂತಾರೆ."

ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಕೆಳಗಿಟ್ಟಳು. "ಏನಂದ್ರಿ? ಇಲ್ಲ ಅಂದ್ರಾ? ಜೋರಾಗಾ?"

"ನಾನು ಯಾವತ್ತು ಮೆಲ್ಲಗಂದಿದೀನಿ?"

ಅವಳು ನಗಲು ಶುರು ಮಾಡಿದಳು. ಸಾಸಿವೆ ಸೀದು ಹೊಗೆ ಬಂದು, ಚಾವಣಿಯ ಅಲಾರಾಂ ಕಿರುಚಿಕೊಂಡರೂ ನಗು ನಿಲ್ಲಲಿಲ್ಲ. "ರೀ, ಸ್ವೀಡಿಷ್‌ನಲ್ಲಿ ಇಲ್ಲಾ ಅಂದ್ರೆ ಕೆಟ್ಟದಾಗಿದೆ ಅಂತ! ನಿಮ್ಮ ಬರ್ರಾ ಅವರಿಗೆ ಬ್ರಾ ಅಂತ ಕೇಳುತ್ತೆ, ಬ್ರಾ ಅಂದ್ರೆ ಚೆನ್ನಾಗಿದೆ ಅಂತ. ನೀವು ಅವರ ಆಟ ನೋಡಿ ಕೆಟ್ಟದು, ಕೆಟ್ಟದು ಅಂತ ಬೈದು, ಆಮೇಲೆ ಚೆನ್ನಾಗಿದೆ ಅಂತ ಹೊಗಳಿ, ಬಲಗಡೆಗೆ ಹೋಗಿ ಅಂತ ದಾರಿ ತೋರಿಸಿದೀರಿ."

"ನಾನು ತೋರಿಸಿದ್ದು ಸಿಂಟೆಕ್ಸ್ ಟ್ಯಾಂಕಿಗೆ!"

"ಅದು ಅವರಿಗೇನು ಗೊತ್ತು? ಅವರಿಗೆ ಹುಟ್ಟಿದಾಗಿಂದ ಯಾರೂ ಕೆಟ್ಟದಾಗಿದೆ ಅಂತ ಹೇಳೇ ಇಲ್ಲ ಕಣ್ರೀ. ಶಿಶುವಿಹಾರಕ್ಕೆ ಹೋಗೋ ವಯಸ್ಸಿಂದ ಎಲ್ಲಾ ಬ್ರಾ, ಬ್ರಾ, ಬ್ರಾ. ನೀವೇ ಮೊದಲು."

ಆಗ ನನಗೆ ದಾವೂದನ ತೊಂದರೆ ಏನೆಂದು ತಿಳಿಯಿತು. ಅವನು ಗೆರೆಯ ಪಕ್ಕ ನಿಂತು ಹೇಳುತ್ತಿದ್ದದ್ದೂ ಅದೊಂದೇ: ಬ್ರಾ, ಬ್ರಾ. ಚೆಂಡು ಕಾಲ ಕೆಳಗಿಂದ ತೂರಿ ಹೋದರೂ ಬ್ರಾ. ಸ್ವಂತ ಗೋಲಿಗೆ ಹೊಡೆದುಕೊಂಡರೂ "ಪ್ರಯತ್ನ ಬ್ರಾ."

ಮಾರನೇ ದಿನವೇ ಗುನಿಲ್ಲಾ ಹತ್ತಿರ ಹೋದೆ. ಅರ್ಧ ಇಂಗ್ಲಿಷ್, ಅರ್ಧ ಸ್ವೀಡಿಷ್, ಉಳಿದದ್ದು ಕೈಸನ್ನೆ. "ನನಗೆ ಈ ಕೆಲಸ ಬೇಡ," ಅಂದೆ.

"ಎಂಥ ವಿನಯ," ಅಂದರು.

"ವಿನಯ ಅಲ್ಲ. ನನಗೆ ಆಫ್‌ಸೈಡ್ ಅಂದರೆ ಏನು ಅಂತ ಗೊತ್ತಿಲ್ಲ."

"ಎಂಥ ಪ್ರಾಮಾಣಿಕತೆ," ಅಂದರು.

"ನಾನು ಸಿಡುಕ. ನನಗೆ ಸಿಟ್ಟು ಬಂದರೆ ಕಣ್ಣು ಕಾಣಲ್ಲ."

"ಸ್ಪೆನ್ನಾಂದೆ," ಅಂದರು, ಬರೆದುಕೊಂಡರು.

ಇವರ ಹತ್ತಿರ ಮಾತಾಡುವುದಕ್ಕಿಂತ ಬರ್ಚ್ ಮರಕ್ಕೆ ತಲೆ ಚಚ್ಚಿಕೊಳ್ಳುವುದು ಮೇಲು ಅನ್ನಿಸಿ ಎದ್ದು ಬಂದೆ.

ಮೂರನೆಯ ಅಭ್ಯರ್ಥಿ ತೂರ್‌ಬ್ಯೋರ್ನ್ ಅನ್ನುವವನು ಲುಂಡ್‌ನಲ್ಲಿ ಓದಿ ಬಂದವನು. ಸಮಿತಿಯ ಮುಂದೆ ಪರದೆ ಮೇಲೆ ಬಣ್ಣಬಣ್ಣದ ಬಾಣಗಳನ್ನು ತೋರಿಸಿದ. ಇನ್ನು ಮುಂದೆ ಸೋಲು ಅನ್ನುವ ಪದ ಯಾರೂ ಬಳಸಬಾರದು, ಅದು ಇನ್ನೂ ಬಾರದಿರುವ ಗೆಲುವು ಅಂದ. ಎಲ್ಲರೂ ತಲೆದೂಗಿದರು. ದಾವೂದ್ ಕೂಡ ತಲೆದೂಗಿದ! ಕೊನೆಗೆ ತೂರ್‌ಬ್ಯೋರ್ನ್, ಒಂದು ಸಣ್ಣ ವಿಷಯ, ನನ್ನ ಹೆಂಡತಿಗೆ ಆಗಸ್ಟಿನಲ್ಲಿ ಹೆರಿಗೆ, ಅಲ್ಲಿಂದ ಮುಂದಿನ ವಸಂತದ ತನಕ ನಾನು ಮಗು ನೋಡಿಕೊಳ್ಳುವ ರಜೆಯಲ್ಲಿ ಇರುತ್ತೇನೆ ಅಂದ. ಎಲ್ಲರೂ ಚಪ್ಪಾಳೆ ತಟ್ಟಿ ಅಭಿನಂದಿಸಿದರು. ಕೋಚ್ ಆಗಿ ಅವನ ಕಥೆ ಅಲ್ಲಿಗೆ ಮುಗಿಯಿತು, ತಂದೆಯಾಗಿ ಚೆನ್ನಾಗಿರಲಿ.

ಉಳಿದದ್ದು ನಾವಿಬ್ಬರು. ಕೊನೆಯ ಸಭೆಗೆ ಮುಂಚೆ ದಾವೂದನನ್ನು ಮಿನಿಬಸ್ಸಿಗೆ ಹತ್ತಿಸಿಕೊಂಡು, ಕೆರೆಯ ದಂಡೆಯಲ್ಲಿ ಯಾರೂ ಇಲ್ಲದ ಕಡೆ ನಿಲ್ಲಿಸಿದೆ. ನನ್ನ ಜೊತೆ ಅವನು ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ.

"ಕೂಗು," ಅಂದೆ.

"ಏನು?"

"ಇಲ್ಲಾ ಅಂತ ಕೂಗು. ಆ ಹುಡುಗರಿಗೆ ಬೇಕಾಗಿರೋದು ಅಷ್ಟೆ. ನಿನಗೆ ಆಟ ಗೊತ್ತು, ಬಾಯಿ ಒಂದು ಬಂದ್ರೆ ಸಾಕು."

"ಇಲ್ಲ," ಅಂದ.

"ಇದೇನು ಲೈಬ್ರರಿಯಲ್ಲಿ ಪುಸ್ತಕ ಕೇಳ್ತಿದೀಯಾ? ಹೊಟ್ಟೆಯಿಂದ ತೆಗಿ!"

"ಇಲ್ಲ..." ಕೆರೆಯ ಬಾತುಕೋಳಿ ಕೂಡ ತಿರುಗಿ ನೋಡಲಿಲ್ಲ.

"ಮರ್ಫಿ ಟೌನಲ್ಲಿ ಹಿಂಗೇ ಆಡ್ತಿದ್ರೇನಯ್ಯ? ಎಕ್ಸ್‌ಕ್ಯೂಸ್ ಮಿ, ಸ್ವಲ್ಪ ಚೆಂಡು ಕೊಡ್ತೀರಾ ಅಂತ?"

ಅವನು ಕಿಟಕಿಯಾಚೆ ನೋಡಿದ. "ಅಲ್ಲಿ ನನ್ನ ಬಾಯಿ ಕೇಳಿದ್ರೆ ರೆಫ್ರಿ ಓಡ್ತಿದ್ದ ಅಣ್ಣಾ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ದಿನ ಫೋನಲ್ಲಿ ಅಮ್ಮೀ ಜೊತೆ ಜೋರಾಗಿ ನಕ್ಕೆ. ಬರೀ ನಕ್ಕೆ. ಕೆಳಗಿನ ಮನೆಯವರು ಬಾಗಿಲು ತಟ್ಟಿ, ಏನಾದ್ರೂ ತೊಂದರೆನಾ, ಪೊಲೀಸ್ ಕರೀಬೇಕಾ ಅಂತ ಕೇಳಿದ್ರು. ಒಳ್ಳೆಯವರೇ, ಪಾಪ. ಅವತ್ತು ವಾಲ್ಯೂಮ್ ಇಳಿಸಿದ್ದು, ಈಗ ಏರಿಸೋ ಗುಂಡಿನೇ ಸಿಗ್ತಿಲ್ಲ."

ನನಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. "ಹಂಗಾದ್ರೆ ಸಾಯೋ ತನಕ ಕತ್ತೆ ಜಾಕೆಟ್ ಹಾಕ್ಕೊಂಡು ತಿರುಗು!" ಅಂದು ಬಸ್ಸು ತಿರುಗಿಸಿದೆ. ದಾರಿಯಲ್ಲಿ ನನಗೊಂದು ಕೆಟ್ಟ ಬುದ್ಧಿ ಹೊಳೆಯಿತು. ಗುಂಡಿ ಅವನಿಗೆ ಸಿಗದಿದ್ದರೆ ನಾನು ಹುಡುಕಿ ಒತ್ತುತ್ತೇನೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ, ನೀರಜಾಗೂ.

ಸಭೆ ನಡೆದದ್ದು ಮೈದಾನದ ಪಕ್ಕದ ಮರದ ಮನೆಯಲ್ಲಿ. ಬಾಗಿಲಲ್ಲಿ ಎಲ್ಲರೂ ಬೂಟು ಬಿಚ್ಚಿ, ಜಾಕೆಟ್ಟುಗಳನ್ನು ಗೂಟಕ್ಕೆ ನೇತು ಹಾಕಿ, ಕಾಲುಚೀಲದಲ್ಲಿ ಒಳಗೆ ಬಂದರು. ಆಟಗಾರರೆಲ್ಲ ಗೋಡೆಗೊರಗಿ ಕೂತರು. ಮೇಜಿನ ಮೇಲೆ ಕಾಫಿ, ಒಂದು ತಟ್ಟೆ ದಾಲ್ಚಿನ್ನಿ ಬನ್ನು, ಪಕ್ಕದಲ್ಲಿ ಮಡಿಸಿಟ್ಟ ಹೊಸ ಜಾಕೆಟ್ಟು. ಅದರ ಬೆನ್ನ ಮೇಲೆ ಕೋಚ್ ಅನ್ನುವ ಒಂದೇ ಪದ, ಸ್ವೀಡಿಷ್‌ನಲ್ಲಿ, ಪೂರ್ತಿ ಅಕ್ಷರಗಳಲ್ಲಿ.

"ಎಲ್ ಸೈಜು ತರಿಸಿದ್ದೇನೆ. ಇಬ್ಬರಲ್ಲಿ ಯಾರಿಗಾದರೂ ಆಗುತ್ತದೆ," ಅಂದರು ಗುನಿಲ್ಲಾ ಹೆಮ್ಮೆಯಿಂದ.

ದಾವೂದ್ ಅದನ್ನು ಒಂದೇ ಸಲ ನೋಡಿದ, ಆಮೇಲೆ ಕಾಫಿ ಲೋಟದೊಳಗೆ ನೋಡುತ್ತ ಕೂತ.

ಮಾತು ಶುರುವಾಯಿತು. ದಾವೂದನಿಗೆ ಅನುಭವ ಇದೆ ಅಂತ ಒಬ್ಬರು, ಅಶ್ವತ್ಥನಿಗೆ ಶಕ್ತಿ ಇದೆ ಅಂತ ಇನ್ನೊಬ್ಬರು, ಎರಡೂ ಮುಖ್ಯ ಅಂತ ಮತ್ತೊಬ್ಬರು. ಬನ್ನುಗಳು ಖಾಲಿಯಾಗುತ್ತಾ ಬಂದು ಕೊನೆಯದೊಂದು ಉಳಿಯಿತು. ಕೊನೆಯ ಬನ್ನನ್ನು ಈ ದೇಶದಲ್ಲಿ ಯಾರೂ ತಿನ್ನುವುದಿಲ್ಲ. ಬೇಕಾದವರು ಅರ್ಧ ಮುರಿದುಕೊಂಡು ಅರ್ಧ ಬಿಡುತ್ತಾರೆ. ಮುಂದಿನವರು ಆ ಅರ್ಧದಲ್ಲಿ ಅರ್ಧ. ಹೀಗೆ ಅದು ಹೆಬ್ಬೆರಳಿನಷ್ಟಾಗಿ ತಟ್ಟೆಯ ನಡುವೆ ಕೂತಿತ್ತು. ಮಾತೂ ಅದರಂತೆ ಅರ್ಧವಾಗಿ, ಕಾಲಾಗಿ, ಎಲ್ಲೂ ಮುಗಿಯುತ್ತಿರಲಿಲ್ಲ.

ಕೊನೆಗೆ ಎಲಿಯಾಸ್ ಬಾಯಿಬಿಟ್ಟ. "ದಾವೂದ್ ಬಹಳ ಒಳ್ಳೆಯವರು. ಆದರೆ ನಾವು ಹೇಗೆ ಆಡಿದರೂ ಬ್ರಾ ಅನ್ನುತ್ತಾರೆ. ಆಮೇಲೆ ನಮಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ."

ದಾವೂದ್ ಸಣ್ಣಗೆ ನಕ್ಕು, "ಅದು ನಿಜ, ಒಳ್ಳೆಯ ಅಭಿಪ್ರಾಯ," ಅಂದ. ಕೇಳಿ ನನ್ನ ಹಲ್ಲು ಕಟಕಟ ಅಂದಿತು.

ಎದ್ದು ನಿಂತೆ. "ಆಯಿತು. ನಾನು ಒಪ್ಪಿದೆ. ನಾನೇ ಹೆಡ್ ಕೋಚ್."

ಗುನಿಲ್ಲಾ ಮುಖ ಅರಳಿತು. ದಾವೂದ್ ತಲೆ ಎತ್ತಿದ.

"ದಾವೂದ್ ನನ್ನ ಅಸಿಸ್ಟೆಂಟು. ಅದೇ ಹಳೇ ಜಾಕೆಟ್ ಹಾಕ್ಕೊಳ್ಳಲಿ, ಅವನಿಗೆ ಚೆನ್ನಾಗಿ ಒಪ್ಪುತ್ತೆ." ಎಲ್ಲರಿಗೂ ತಿಳಿಯುವ ಹಾಗೆ ಇಂಗ್ಲಿಷಿನಲ್ಲೇ ಹೇಳಿದೆ. "ಇನ್ನು ನನ್ನ ಪ್ಲಾನು. ಎಲ್ಲರೂ ಬಲಗಡೆ ಆಡಬೇಕು. ಎಡಗಡೆಗೆ ಯಾರೂ ಬೇಡ. ಗೋಲ್‌ಕೀಪರ್ ಹಿಂದೆ ಸುಮ್ಮನೆ ನಿಂತಿರುತ್ತಾನೆ, ದಂಡ. ಅವನೂ ಮುಂದೆ ಬರಲಿ."

"ಸ್ಪೆನ್ನಾಂದೆ," ಅಂದರು ಗುನಿಲ್ಲಾ. ಎಲಿಯಾಸ್ ಕೂಡ ಯೋಚಿಸುವವನಂತೆ ತಲೆದೂಗಿದ.

ದಾವೂದನ ಕಿವಿ ಕೆಂಪಾಯಿತು. ಬಾಯಿ ಮಾತ್ರ ತೆರೆಯಲಿಲ್ಲ. ಎಂಥ ಗಟ್ಟಿ ಗುಂಡಿಯಪ್ಪ ಇದು!

ನಾನು ಹೊಸ ಜಾಕೆಟ್ಟು ಎತ್ತಿ, ಕೊಡವಿ, ಒಂದು ತೋಳು ತೂರಿಸಿದೆ. ಕನ್ನಡಕ್ಕೆ ತಿರುಗಿದೆ. "ಆಫ್‌ಸೈಡ್ ಗೀಫ್‌ಸೈಡ್ ಎಲ್ಲಾ ತೆಗೆಸಿಬಿಡ್ತೀನಿ, ರೆಫ್ರಿಗೆ ಹೇಳಿ. ಏನಯ್ಯಾ, ನೋಡ್ತಾ ಕೂತಿದೀಯಾ? ನಿಮ್ಮ ಮರ್ಫಿ ಟೌನಲ್ಲಿ ಆಡ್ತಿದ್ದದ್ದು ಫುಟ್‌ಬಾಲಾ, ಕುಂಟಾಬಿಲ್ಲೆನಾ?"

ಲೋಟ ಮೇಜಿಗೆ ಬಡಿಯಿತು. ಕಾಫಿ ಗುನಿಲ್ಲಾ ಅವರ ಹಾಳೆಗಳ ಮೇಲೆ ಚೆಲ್ಲಿತು.

"ಇಲ್ಲ!"

ಕಿಟಕಿ ಗಾಜು ಅದುರಿತು. ಗೋಡೆಗೊರಗಿದ್ದ ಹುಡುಗರು ನೆಟ್ಟಗೆ ಕೂತರು.

"ಇಲ್ಲ! ಇಲ್ಲ! ಇಲ್ಲ! ತೆಗಿ ಅದನ್ನ! ತೆಗಿಯೋ ಅಂದ್ರೆ! ಏನೋ ತಿಳ್ಕೊಂಡಿದೀಯಾ ನೀನು? ಒಂದು ದಿನ ಚೆಂಡು ಮುಟ್ಟಿದೀಯಾ? ಮರ್ಫಿ ಟೌನ್ ಬಗ್ಗೆ ಮಾತಾಡ್ತಾನೆ! ಅಲ್ಲಿನ ಅಜ್ಜಿಯರು ನಿನಗಿಂತ ಚೆನ್ನಾಗಿ ಒದೀತಾರೆ!"

ಅಣ್ಣಾ ಹೋಗಿತ್ತು. ನೀವು ಹೋಗಿತ್ತು. ಇಷ್ಟು ವರ್ಷದಲ್ಲಿ ಆ ಬಾಯಲ್ಲಿ ಒಂದೇ ಒಂದು ಸಲ ಏಕವಚನ ಕೇಳಿರಲಿಲ್ಲ. ನಾನು ಬೇಕಂತಲೇ ತೋಳನ್ನು ನಿಧಾನಕ್ಕೆ ಬಿಡಿಸಿಕೊಂಡೆ.

ಎಲಿಯಾಸ್ ಮಗುವಿನ ಹಾಗೆ ಬೆರಳೆತ್ತಿ, "ಇಲ್ಲಾ?" ಅಂತ ಕೇಳಿದ. ಅವನು ಕೇಳಿದ್ದು ಸ್ವೀಡಿಷ್‌ನಲ್ಲಿ.

"ಇಲ್ಲಾ!" ಅಂದ ದಾವೂದ್. ಅವನು ಹೇಳಿದ್ದು ಯಾವ ಭಾಷೆಯಲ್ಲಿ ಅಂತ ಅವನಿಗೂ ಗೊತ್ತಿರಲಿಕ್ಕಿಲ್ಲ. ಅಲ್ಲಿಂದ ಮುಂದಕ್ಕೆ ಮಾತ್ರ ಪೂರ್ತಿ ಸ್ವೀಡಿಷ್, ಮಳೆಗಾಲದ ಕಾಲುವೆಯಂತೆ. ಎಲಿಯಾಸ್ ಕಾರ್ನರ್ ಬಂದಾಗ ಕಣ್ಣು ಮುಚ್ಚುತ್ತಾನೆ. ಇಗೋ ಇವನು ಚೆಂಡು ಬಂದರೆ ಅಮ್ಮನಿಗೆ ಕೊಡುವ ಹೂವಿನಂತೆ ಹಿಡಿದುಕೊಂಡು ನಿಲ್ಲುತ್ತಾನೆ. ಅವನು ಓಡುವುದು ಕೂದಲು ಕೆಡದ ಹಾಗೆ. ಒಬ್ಬೊಬ್ಬರನ್ನೂ ಬೆರಳು ತೋರಿಸಿ ಜಾಲಾಡಿಸಿದ. ನನಗೆ ಅರ್ಧ ಅರ್ಥವಾಯಿತು, ಅಷ್ಟಕ್ಕೇ ಕಿವಿ ತಂಪಾಯಿತು. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು, ಬಾಯಾರಿದವರ ಹಾಗೆ.

"ಬೂಟು ಹಾಕ್ಕೊಳ್ಳಿ! ಎಲ್ಲಾ ಮೈದಾನಕ್ಕೆ! ಈಗಲೇ ತೋರಿಸ್ತೀನಿ! ಬರ್ರಾ, ಬರ್ರಾ!"

ಬೆಂಗಳೂರಿನವನು ಬನ್ರೋ ಅನ್ನಬೇಕಿತ್ತು. ಸಿಟ್ಟಿನಲ್ಲಿ ನಮ್ಮ ಚನ್ನರಾಯಪಟ್ಟಣದ ಬರ್ರಾ ಬಂದುಬಿಟ್ಟಿತು. ಹುಡುಗರಿಗೆ ಕೇಳಿದ್ದು ಬ್ರಾ. ಅಷ್ಟೂ ಮುಖಗಳು ಒಂದೇ ಸಲ ಅರಳಿದವು. ಇಷ್ಟು ಬೈದವನ ಬಾಯಿಂದ ಬಂದ ಬ್ರಾ ಅಲ್ಲವೇ ಅದು!

ದಾವೂದ್ ನನ್ನ ಕಡೆ ತಿರುಗಿದ. ಕಣ್ಣು ಕೆಂಡ. ಅದರಲ್ಲಿ ನಾಟಕ ಒಂದಿಷ್ಟೂ ಇರಲಿಲ್ಲ.

"ಇನ್ನೂ ಇಲ್ಲೇ ನಿಂತಿದೀಯಾ? ನಡಿಯೋ ಆಚೆ! ಮತ್ತೆ ಈ ಕಡೆ ತಲೆ ಹಾಕಿದ್ರೆ ನೋಡು!"

ಹೊಸ ಜಾಕೆಟ್ಟನ್ನು ಅವನ ಕುರ್ಚಿಯ ಬೆನ್ನಿಗೆ ಹಾಕಿದೆ. ಮಿನಿಬಸ್ಸಿನ ಕೀ ತೆಗೆದು ಮೇಜಿನ ಮೇಲಿಟ್ಟೆ. ತಟ್ಟೆಯಲ್ಲಿದ್ದ ಕೊನೆಯ ತುಂಡು ಬನ್ನನ್ನು ಮುರಿಯದೆ, ಪೂರ್ತಿ, ಎಲ್ಲರ ಕಣ್ಣೆದುರಿಗೆ ಬಾಯಿಗೆ ಹಾಕಿಕೊಂಡೆ. ಯಾರೋ ಉಸಿರೆಳೆದುಕೊಂಡರು. ಅಷ್ಟು ಹೊತ್ತಿನ ಕೂಗಾಟಕ್ಕೆ ಬೆಚ್ಚದ ಗುನಿಲ್ಲಾ ಆಗ ಮಾತ್ರ ನನ್ನನ್ನು ಕೊಲೆಗಾರನನ್ನು ನೋಡುವ ಹಾಗೆ ನೋಡಿದರು. ಇನ್ನು ನನ್ನನ್ನು ಯಾರೂ ಕೋಚ್ ಮಾಡುವುದಿಲ್ಲ ಅಂತ ಖಾತ್ರಿಯಾಯಿತು.

ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಒಳಗಿನಿಂದ ಅವರ ದನಿ ಕೇಳಿಸಿತು. "ಹಾಗಾದರೆ ದಾವೂದ್. ಯಾರಿಗಾದರೂ ಬೇಡವೇ?"

ಯಾರೂ ಬೇಡ ಅನ್ನಲಿಲ್ಲ. ಬೂಟುಗಳಿಗಾಗಿ ಹುಡುಗರು ಬಾಗಿಲ ಕಡೆ ನುಗ್ಗುವ ಸದ್ದು ಮಾತ್ರ ಬಂತು.

ಅವರು ಬರುವ ಮುಂಚೆ ಗೂಟದ ಕಡೆ ಕೈ ಚಾಚಿದೆ. ನನ್ನ ಜಾಕೆಟ್ಟಿನ ಪಕ್ಕದಲ್ಲೇ ದಾವೂದನದು ನೇತಾಡುತ್ತಿತ್ತು. ನನ್ನದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನದನ್ನು ಹಾಕಿಕೊಂಡೆ. ಎಲ್ ಸೈಜು, ಸರಿಯಾಗಿ ಆಯಿತು. ಹೊರಗೆ ಸಂಜೆ ಬಿಸಿಲು ಇನ್ನೂ ಚೆನ್ನಾಗಿತ್ತು, ಮೈದಾನದ ಹುಲ್ಲು ಒದ್ದೆಯಾಗಿತ್ತು. ಗೇಟು ದಾಟುವಾಗ ಹಿಂದೆ ಆ ಗಂಟಲು ಮತ್ತೆ ಕೇಳಿಸಿತು, ಕೆರೆಯ ಆಚೆ ದಡಕ್ಕೂ ಮುಟ್ಟುವಂತೆ, "ಇಲ್ಲಾ! ಇಲ್ಲಾ!" ಅಂತ. ಬಾತುಕೋಳಿಗಳು ಎದ್ದು ಹಾರಿದವು.

ಹಿಂದಿನಿಂದ ನೋಡಿದವರಿಗೆ ಬೆನ್ನ ಮೇಲೆ ಮೂರು ಅಕ್ಷರ ಕಂಡಿರಬೇಕು. ಕಾಣಲಿ. ಬನ್ನಿನ ಸಕ್ಕರೆಯನ್ನು ಬೆರಳಿನಿಂದ ನೆಕ್ಕುತ್ತ ನಡೆದೇ ಮನೆಗೆ ಹೋದೆ. ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ.